ಕೋವಿಯ ಕೀಲು ಮತ್ತು ಕೋವಿಯೆಂಬ ಮಾತು: ಹಾಸನ ಸೀಮೆಯ ಆಯುಧಗಳ ಕಾಲವಿಚಾರ

ಕನ್ನಡದಲ್ಲಿ ಕೊಳಲಿಗೂ ಬಂದೂಕಿಗೂ ಒಂದೇ ಮಾತು ಸಲ್ಲುವುದೆಂಬುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ದಾಸರ ಪದಗಳಲ್ಲಿ ಕೃಷ್ಣನು ಊದುವ ಪಿಳ್ಳಂಗೋವಿಯೊಳಗಿನ ಕೋವಿಯೂ, ಮಲೆನಾಡಿನ ಬೇಟೆಗಾರನ ಹೆಗಲ ಮೇಲಿನ ಕೋವಿಯೂ ಬೇರೆ ಬೇರೆ ಶಬ್ದಗಳಲ್ಲ. ಕೋವಿಯೆಂದರೆ ಮೂಲತಃ ಕೊಳವೆ. ತೆಲುಗಿನ ಕ್ರೋವಿಯೂ ಅದೇ. ಕಿಟ್ಟೆಲರು ೧೮೯೪ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿಯೂ ಈ ಎರಡು ಅರ್ಥಗಳು ಒಂದೇ ಮಾತಿನ ಕೆಳಗೆ ನಿಂತಿವೆ. ಕೊಳವೆಯ ಹೆಸರು ಬಂದೂಕಿಗೆ ಬಂದುದು ಸಹಜವೇ ಸರಿ. ಆದರೆ ಈ ಸಹಜವಾದ ಅರ್ಥಾಂತರವು ಸಾಹಿತ್ಯಚರಿತ್ರೆಯನ್ನು ಬರೆಯುವವರಿಗೂ ಶಾಸನಗಳನ್ನು ಓದುವವರಿಗೂ ಒಂದು ತೊಡಕನ್ನು ಒಡ್ಡಿದೆ. ಗ್ರಂಥವೊಂದರಲ್ಲಿ ಕೋವಿಯೆಂಬ ಮಾತು ಕಂಡೊಡನೆ ಮದ್ದುಗುಂಡಿನ ಕಾಲ ಬಂದಿತೆಂದು ತೀರ್ಮಾನಿಸಬಹುದೆ? ಬಂದೂಕೇ ಎಂದು ಸಿದ್ಧವಾದ ಪಕ್ಷದಲ್ಲಿಯೂ, ಅದು ಯಾವ ಬಗೆಯ ಬಂದೂಕು, ಹಳೆಯ ಮಾದರಿಯದೊ ಹೊಸ ಮಾದರಿಯದೊ ಎಂಬುದನ್ನು ಯಾವುದರಿಂದ ತಿಳಿಯಬೇಕು? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲೂಕುಗಳನ್ನೂ ಅವುಗಳಿಗೆ ಹೊಂದಿದ ಮಲೆನಾಡಿನ ಅಂಚನ್ನೂ ಕ್ಷೇತ್ರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರನ್ನು ನಂಬಿ ಮೋಸಹೋದ ಒಂದು ಪ್ರಸಿದ್ಧ ದೃಷ್ಟಾಂತವನ್ನು ಮೊದಲು ಹೇಳಬೇಕು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಕೃತಪ್ರಾಧ್ಯಾಪಕರಾಗಿದ್ದ ಗುಸ್ತಾವ್ ಓಪರ್ಟರು ೧೮೮೦ರಲ್ಲಿ ಪ್ರಾಚೀನ ಹಿಂದೂಗಳ ಆಯುಧಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿ, ಶುಕ್ರನೀತಿ ಮತ್ತು ನೀತಿಪ್ರಕಾಶಿಕೆಗಳಲ್ಲಿ ಬರುವ ನಾಲಿಕವೇ ಬಂದೂಕೆಂದೂ, ಅಗ್ನಿಚೂರ್ಣವೇ ಮದ್ದೆಂದೂ, ಆದುದರಿಂದ ಈ ವಿದ್ಯೆಯು ನಮ್ಮ ದೇಶದಲ್ಲಿ ಅತಿಪ್ರಾಚೀನವೆಂದೂ ವಾದಿಸಿದರು. ಹೆಮ್ಮೆಗೆ ಹಿತವಾದ ವಾದವಾದುದರಿಂದ ಅದಕ್ಕೆ ಬಹುಕಾಲ ಮನ್ನಣೆಯೂ ದೊರೆಯಿತು. ಆದರೆ ಶುಕ್ರನೀತಿಯಲ್ಲಿ ವರ್ಣಿತವಾದ ಬಂದೂಕು ತೀರ ಈಚಿನದಾಗಿ ತೋರುವುದಷ್ಟೇ ಅಲ್ಲ, ಆ ಗ್ರಂಥವೇ ಹತ್ತೊಂಬತ್ತನೆಯ ಶತಮಾನದ ರಚನೆಯೆಂದು ಲಲ್ಲನ್‌ಜಿ ಗೋಪಾಲರು ೧೯೬೨ರಲ್ಲಿ ಪ್ರತಿಪಾದಿಸಿದರು. ಓಪರ್ಟರು ಗ್ರಂಥದ ಕಾಲವನ್ನು ಪ್ರಾಚೀನವೆಂದು ಹಿಡಿದು ಬಂದೂಕನ್ನು ಹಿಂದಕ್ಕೆ ಒಯ್ದರು. ಬಂದೂಕಿನ ಕಾಲವನ್ನು ಹಿಡಿದಿದ್ದರೆ ಗ್ರಂಥವೇ ಮುಂದಕ್ಕೆ ಬರುತ್ತಿದ್ದಿತು.

ಇನ್ನು ನಮ್ಮ ಸೀಮೆಗೆ ಬರೋಣ. ಮೇಲೆ ಹೇಳಿದ ನಾಲ್ಕು ತಾಲೂಕುಗಳ ಶಾಸನಗಳಲ್ಲಿ ಬಹುಭಾಗವು ರೈಸ್‌ರವರು ೧೯೦೨ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟದಲ್ಲಿದೆ. ಚನ್ನರಾಯಪಟ್ಟಣ ತಾಲೂಕಿಗೆ ಸೇರಿದ ಶ್ರವಣಬೆಳಗೊಳದ ಶಾಸನಗಳು ಮಾತ್ರ ಎರಡನೆಯ ಸಂಪುಟವಾಗಿ ೧೮೮೯ರಲ್ಲಿಯೇ ಬಂದು, ಆರ್. ನರಸಿಂಹಾಚಾರ್ಯರ ಪರಿಷ್ಕರಣದೊಡನೆ ೧೯೨೩ರಲ್ಲಿ ಮತ್ತೆ ಪ್ರಕಟವಾದುವು. ಹೊಯ್ಸಳರ ಕಾಲದ ವೀರಗಲ್ಲುಗಳು ಈ ಪ್ರಾಂತದ ಊರೂರ ಹೊರಗೆ ನಿಂತಿವೆ. ಅವುಗಳ ಕೆಳಗಣ ಪಟ್ಟಿಕೆಯಲ್ಲಿ ಕಾಣುವುದು ಬಿಲ್ಲು, ಬತ್ತಳಿಕೆ, ಕತ್ತಿ, ಗುರಾಣಿ, ಈಟಿ ಮತ್ತು ಕುದುರೆ. ಆ ಶಿಲ್ಪಿಗೆ ಬಿಲ್ಲೆಂಬುದು ಅಲಂಕಾರವಲ್ಲ. ಹಗ್ಗದ ಬಿಗಿತ, ಬೆರಳ ಹಿಡಿತ ಎಲ್ಲವೂ ಅವನಿಗೆ ಗೊತ್ತು. ಹಳೇಬೀಡು, ಬೇಲೂರುಗಳ ಭಿತ್ತಿಗಳ ಮೇಲಿನ ಭಾರತಯುದ್ಧದಲ್ಲಿಯೂ ಅರ್ಜುನನು ಹಿಡಿದಿರುವುದು ಹೊಯ್ಸಳರ ಬಿಲ್ಲನ್ನೇ. ಇದು ನೆನಪಿನಲ್ಲಿಡತಕ್ಕ ಸಂಗತಿ. ಶಿಲ್ಪಿಯಾಗಲಿ ಕವಿಯಾಗಲಿ ಪೂರ್ವಕಾಲದ ವೀರನ ಕೈಗೆ ಕೊಡುವುದು ತನ್ನ ಕಾಲದ ಆಯುಧವನ್ನು. ಹದಿನಾಲ್ಕನೆಯ ಶತಮಾನದ ಕುಮಾರರಾಮನ ಕಥೆಯನ್ನು ಎರಡು ಶತಮಾನಗಳ ತರುವಾಯ ಹಾಡಿದವರು ಯುದ್ಧವರ್ಣನೆಯಲ್ಲಿ ಹೇಳುವ ಸಲಕರಣೆಗಳನ್ನು ಕಂಪಿಲಿಯ ಕೋಟೆಯೊಳಗೆ ಹುಡುಕುವುದು ವ್ಯರ್ಥ.

ಮದ್ದಿನ ಪರಿಚಯವು ವಿಜಯನಗರಕ್ಕೆ ಬಂದೂಕಿಗಿಂತ ಮೊದಲೇ ಇದ್ದಿತು. ೧೪೪೩ರಲ್ಲಿ ಬಂದ ಪಾರಸೀಕ ರಾಯಭಾರಿ ಅಬ್ದುಲ್ ರಜಾಕನು ಮಹಾನವಮಿಯ ಬಾಣಬಿರುಸನ್ನು ಕಂಡು ಬರೆದಿದ್ದಾನೆ, ಪಿ. ಕೆ. ಗೋಡೆಯವರು ೧೯೫೩ರಲ್ಲಿ ಬೆಂಗಳೂರಿನಿಂದ ಪ್ರಕಟವಾದ ತಮ್ಮ ಕಿರುಗ್ರಂಥದಲ್ಲಿ ಆ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಕೈಯಲ್ಲಿ ಹಿಡಿಯುವ ಒಳ್ಳೆಯ ಬಂದೂಕಿನ ಬಳಕೆ ಹಬ್ಬಿದುದು ಪೋರ್ಚುಗೀಸರು ೧೫೧೦ರಲ್ಲಿ ಗೋವೆಯನ್ನು ಹಿಡಿದ ಅನಂತರವೆಂದು ಹೇಳಬಹುದು. ಗೋವೆಯ ಕಮ್ಮಾರರು ಮಾಡುವ ಬಂದೂಕುಗಳು ಯೂರೋಪಿನವಕ್ಕೆ ಕೀಳಲ್ಲವೆಂದು ಆಲ್ಬುಕರ್ಕನೇ ತನ್ನ ದೊರೆಗೆ ಬರೆದನು. ೧೫೨೦ರ ರಾಯಚೂರಿನ ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪಕ್ಷದಲ್ಲಿ ಪೋರ್ಚುಗೀಸ್ ಬಂದೂಕುಗಾರರು ಕ್ರಿಸ್ತೊವಾನ್ ದ ಫಿಗೆರೆದೊ ಎಂಬಾತನ ಕೈಕೆಳಗೆ ಕೋಟೆಯ ಮೇಲಿನವರನ್ನು ಹೊಡೆದುರುಳಿಸಿದ ಸಂಗತಿಯನ್ನು ನೂನಿಜನು ವಿವರಿಸಿದ್ದಾನೆ. ಅದೇ ರಾಯನ ಹಡಪದವನಾಗಿದ್ದ ಯರಕೃಷ್ಣಪ್ಪನಾಯಕನಿಗೆ ಬೇಲೂರಿನ ಸೀಮೆಯು ದೊರೆಯಿತು. ಅವನ ವಂಶದವರೇ ಮುಂದೆ ಐಗೂರಿಗೆ ಸರಿದು ಬಲಂ ಸೀಮೆಯ ಪಾಳೆಯಗಾರರಾದರು. ಅರಕಲಗೂಡನ್ನು ಹದಿನಾರನೆಯ ಶತಮಾನದಲ್ಲಿ ಕಟ್ಟಿಸಿದವನೂ ಆ ಮನೆತನದ ಒಬ್ಬ ಕೃಷ್ಣಪ್ಪನಾಯಕನೆಂದು ಗ್ಯಾಸೆಟಿಯರು ಹೇಳುತ್ತದೆ. ಹೊಳೆನರಸೀಪುರದಲ್ಲಿ ಬೇರೊಂದು ಪಾಳೆಯಪಟ್ಟು. ಆ ಮನೆಯ ಲಕ್ಷ್ಮಪ್ಪನಾಯಕನು ಕೊಳತೂರೆಂಬ ಗ್ರಾಮವನ್ನು ಗೆದ್ದು ತನ್ನ ಮಗನಿಗೆ ಕೊಡಲಾಗಿ, ಚನ್ನರಾಯಸ್ವಾಮಿಯ ಹೆಸರಿನಿಂದ ಅದು ಚನ್ನರಾಯಪಟ್ಟಣವಾಯಿತು. ಇವೆಲ್ಲವೂ ಹದಿನೇಳನೆಯ ಶತಮಾನದಲ್ಲಿ ಒಂದೊಂದಾಗಿ ಮೈಸೂರಿನ ವಶವಾದುವು: ಚನ್ನರಾಯಪಟ್ಟಣವು ಆರನೆಯ ಚಾಮರಾಜ ಒಡೆಯರ ಕಾಲದಲ್ಲಿ ೧೬೩೦ರ ದಶಕದಲ್ಲಿ, ಹೊಳೆನರಸೀಪುರವು ಶತಮಾನದ ಉತ್ತರಾರ್ಧದಲ್ಲಿ, ಅರಕಲಗೂಡು ಕೊನೆಯ ದಶಕದಲ್ಲಿ ಚಿಕ್ಕದೇವರಾಜ ಒಡೆಯರಿಗೆ. ಈ ಹೋರಾಟಗಳ ಕಾಲದ ಬಂದೂಕು ಬತ್ತಿಯ ಕೋವಿ.

ಬತ್ತಿಯ ಕೋವಿಗೂ ಅದರ ತರುವಾಯದ ಚಕಮಕಿಯ ಕೋವಿಗೂ ಇರುವ ವ್ಯತ್ಯಾಸವನ್ನು ಸ್ವಲ್ಪ ನಿಂತು ನೋಡುವುದು ಅವಶ್ಯಕ; ಏಕೆಂದರೆ ಇವೆರಡೂ ದೂರದಿಂದ ನೋಡಿದರೆ ಒಂದೇ ಆಯುಧ. ಎರಡರಲ್ಲಿಯೂ ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಂದ ಹಾಕಿ ಗಜದಿಂದ ಜಡಿಯಬೇಕು. ಎರಡರಲ್ಲಿಯೂ ನಳಿಗೆಯ ಬುಡದ ಪಕ್ಕದಲ್ಲಿ ಒಂದು ರಂಧ್ರ, ಅದರ ಹೊರಗೆ ರಂಜಕದ ಬಟ್ಟಲು, ಅದರಲ್ಲಿ ಚಿಟಿಕೆಯಷ್ಟು ನುಣ್ಣನೆಯ ಮದ್ದು. ವ್ಯತ್ಯಾಸವಿರುವುದು ಆ ರಂಜಕಕ್ಕೆ ಬೆಂಕಿಯು ಎಲ್ಲಿಂದ ಬರುವುದೆಂಬುದರಲ್ಲಿ. ಬತ್ತಿಯ ಕೋವಿಯಲ್ಲಿ ಬೆಂಕಿಯನ್ನು ಮನುಷ್ಯನು ತನ್ನೊಡನೆ ಹೊತ್ತು ತರುತ್ತಾನೆ. ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ ಹುರಿಯು ಸದಾ ಹೊಗೆಯಾಡುತ್ತಿರುವುದು. ಕೆಳಗಿನ ಕೀಲನ್ನು ಒತ್ತಿದರೆ ಹುರಿಯ ಕೆಂಡವು ಬಾಗಿ ಬಟ್ಟಲನ್ನು ಮುಟ್ಟುವುದು. ಚಕಮಕಿಯ ಕೋವಿಯಲ್ಲಾದರೊ ಬೆಂಕಿಯು ಆ ಕ್ಷಣದಲ್ಲಿ ಯಂತ್ರದಲ್ಲಿಯೇ ಹುಟ್ಟುತ್ತದೆ. ಕುದುರೆಯೆಂದು ನಾವು ಕರೆಯುವ ಬಾಗಿದ ಕಬ್ಬಿಣವು ತನ್ನ ಬಾಯಲ್ಲಿ ಕಚ್ಚಿದ ಕಲ್ಲನ್ನು ಉಕ್ಕಿನ ತಗಡಿಗೆ ಬಡಿದು ಕಿಡಿಯನ್ನುದುರಿಸುವುದು. ಅದೇ ಪೆಟ್ಟಿಗೆ ತಗಡು ಹಿಂಜರಿದು ಬಟ್ಟಲಿನ ಮುಚ್ಚಳ ತೆರೆಯುವುದು.

ಈ ಒಂದು ಬದಲಾವಣೆಯಿಂದ ಹಿಂಬಾಲಿಸಿದ ಫಲಗಳು ಅನೇಕ. ಹೊತ್ತಿದ ಹುರಿಯನ್ನೂ ಮದ್ದಿನ ಚೀಲವನ್ನೂ ಒಂದೇ ಮೈಮೇಲೆ ಧರಿಸಿದವನು ಪಕ್ಕದವನಿಂದ ದೂರ ನಿಲ್ಲಲೇಬೇಕು. ಚಕಮಕಿಯವರು ಭುಜಕ್ಕೆ ಭುಜ ತಾಗಿಸಿ ಸಾಲುಗಟ್ಟಬಹುದು, ಕೋವಿಯ ತುದಿಗೆ ಸಂಗೀನನ್ನು ಸಿಕ್ಕಿಸಿ ಈಟಿಯವರಿಲ್ಲದೆಯೇ ಕುದುರೆಯ ದಳವನ್ನು ತಡೆಯಬಹುದು. ಕಾಗದದಲ್ಲಿ ಸುತ್ತಿದ ಮದ್ದುಗುಂಡಿನೊಡನೆ ಪಳಗಿದ ಸಿಪಾಯಿಯು ನಿಮಿಷಕ್ಕೆ ಮೂರು ಈಡು ಹಾರಿಸುತ್ತಿದ್ದನು. ಬತ್ತಿಯವನಿಗೆ ಒಂದು ಸಾಧಿಸಿದರೆ ಹೆಚ್ಚು. ರಾತ್ರಿಯಲ್ಲಿ ಹುರಿಯ ಕೆಂಡವು ಶತ್ರುವಿಗೆ ತಾನಾಗಿಯೇ ಗುರುತು ಹೇಳುತ್ತಿದ್ದಿತು. ಎಲ್ಲಕ್ಕಿಂತ ಮಿಗಿಲಾಗಿ, ಪಿಸ್ತೂಲೆಂಬುದು ಸಾಧ್ಯವಾದುದೇ ಬೆಂಕಿಯು ಯಂತ್ರದೊಳಕ್ಕೆ ಸೇರಿದ ಮೇಲೆ. ಹೊಗೆಯಾಡುವ ಹುರಿಯನ್ನು ಸೊಂಟದಲ್ಲಿಯೊ ಕುದುರೆಯ ಜೀನಿನಲ್ಲಿಯೊ ಸಿಕ್ಕಿಸಿಕೊಂಡು ಹೋಗುವುದೆಂತು? ನಮ್ಮ ದೇಶದಲ್ಲಿ ಬತ್ತಿಯ ಪಿಸ್ತೂಲುಗಳು ಅತಿ ವಿರಳವಾಗಿರುವುದಕ್ಕೆ ಇದೇ ಕಾರಣ. ಆ ಆಯುಧಕ್ಕೆ ಕನ್ನಡದಲ್ಲಿ ಪರದೇಶದ ಹೆಸರೇ ನಿಂತುದಕ್ಕೂ ಇದನ್ನೇ ಕಾರಣವಾಗಿ ಹೇಳಬಹುದು.

ಆದರೆ ಹೊಸದೆಲ್ಲವೂ ಮೇಲೆಂದು ಭಾವಿಸತಕ್ಕದ್ದಲ್ಲ. ಬತ್ತಿಯ ಕೋವಿಯ ಕೀಲು ಎರಡು ಮೂರು ತುಂಡು ಕಬ್ಬಿಣ. ಊರ ಕಮ್ಮಾರನು ಒಂದು ಮಧ್ಯಾಹ್ನದಲ್ಲಿ ಸರಿಮಾಡಿಯಾನು. ಹುರಿಗೆ ಬೇಕಾದ ನೂಲು ಮನೆಯಲ್ಲಿದೆ, ಪೆಟ್ಲುಪ್ಪು ಹಾಳುಗೋಡೆಯ ಮಣ್ಣಿನಲ್ಲಿದೆ, ಇದ್ದಲು ಕಾಡಿನಲ್ಲಿದೆ. ಚಕಮಕಿಯ ಕೀಲಿಗೆ ಹದವಾಗಿ ಕಾಯಿಸಿ ತಣಿಸಿದ ಉಕ್ಕಿನ ಸ್ಪ್ರಿಂಗು ಬೇಕು. ಅದು ಮುರಿದರೆ ಕೋವಿಯು ದೊಣ್ಣೆ. ಒಳ್ಳೆಯ ಕಲ್ಲಿಗಾಗಿ ಯೂರೋಪಿನವರೇ ಫ್ರಾನ್ಸಿನ ಬೆರಿ ಸೀಮೆಯನ್ನೂ ಇಂಗ್ಲೆಂಡಿನ ಬ್ರಾಂಡನ್ ಗ್ರಾಮವನ್ನೂ ಆಶ್ರಯಿಸಿದ್ದರು. ಉದ್ದ ನಳಿಗೆಯ ಬತ್ತಿಯ ಕೋವಿಯು ಸಿಪಾಯಿಯ ಬಂದೂಕಿಗಿಂತ ದೂರಕ್ಕೆ ಹೊಡೆಯುವುದೆಂದು ಆಂಗ್ಲ ಅಧಿಕಾರಿಗಳೇ ಒಪ್ಪಿದ್ದಾರೆ. ಹಾಗಾದರೆ ಹೊಸ ಕೋವಿಯು ಗೆದ್ದುದು ಕೋವಿಯಾಗಿ ಅಲ್ಲ. ಕವಾಯತು, ಕಾರ್ಖಾನೆ, ಉಗ್ರಾಣ ಇವು ಮೂರನ್ನು ಬೆನ್ನಿಗಿಟ್ಟುಕೊಂಡು.

ಮೈಸೂರಿನಲ್ಲಿ ಈ ಮೂರನ್ನೂ ಒದಗಿಸಿದವನು ಹೈದರಾಲಿ. ೧೭೫೦ರ ಡಿಸೆಂಬರಿನಲ್ಲಿ ನಾಸಿರ್ ಜಂಗನು ಹತನಾದ ಗೊಂದಲದಲ್ಲಿ ಹೈದರನ ಬೇಡರ ಪಡೆಯವರು ಹೊನ್ನನ್ನು ಹೊತ್ತ ಒಂಟೆಗಳನ್ನು ಹೊಡೆದುಕೊಂಡು ಬಂದರೆಂದೂ, ಆ ದಂಡಯಾತ್ರೆಯಲ್ಲಿ ಅವನಿಗೆ ೩೦೦ ಕುದುರೆಗಳೂ ೫೦೦ ಬಂದೂಕುಗಳೂ ಕೂಡಿಬಂದುವೆಂದೂ ವಿಲ್ಕ್ಸ್ ಬರೆದಿದ್ದಾನೆ. ಹೊನ್ನಿಗಿಂತ ಆ ೫೦೦ ಬಂದೂಕುಗಳೇ ಮುಂದಿನ ಚರಿತ್ರೆಯನ್ನು ಬರೆದುವೆಂದು ನಮ್ಮ ಅಭಿಪ್ರಾಯ. ೧೭೫೫ರಲ್ಲಿ ದಿಂಡುಗಲ್ಲಿನ ಫೌಜುದಾರನಾದ ಮೇಲೆ ಅವನು ಫ್ರೆಂಚ್ ಕುಶಲಿಗಳನ್ನು ಕರೆಯಿಸಿ ಆಯುಧಶಾಲೆಯನ್ನೂ ಮದ್ದಿನ ಮನೆಯನ್ನೂ ಏರ್ಪಡಿಸಿದನು. ಚನ್ನರಾಯಪಟ್ಟಣದ ಹಳೆಯ ಕೋಟೆಗೆ ನೀರುಕಂದಕವನ್ನೂ, ನೇರವಾಗಿ ಒಳನುಗ್ಗಲು ಬಾರದಂತೆ ಅಡ್ಡಗಟ್ಟಿದ ಬಾಗಿಲುಗಳನ್ನೂ ಸೇರಿಸಿದವನು ಹೈದರನೇ ಎಂದು ಗ್ಯಾಸೆಟಿಯರಿನಲ್ಲಿದೆ. ಒಂದೇ ಕೋಟೆಯಲ್ಲಿ ಪಾಳೆಯಗಾರನ ಗೋಡೆ ಒಂದು ಕಾಲದ್ದು, ಬಾಗಿಲು ಇನ್ನೊಂದು ಕಾಲದ್ದು. ಕೋವಿಗಳಲ್ಲಿಯೂ ಇಂಥದೇ ಬೆರಕೆಯನ್ನು ಮುಂದೆ ಕಾಣುವೆವು.

ಟೀಪುವಿನ ಕಾಲಕ್ಕೆ ಚಕಮಕಿಯ ಕೋವಿಯು ಮೈಸೂರಿನಲ್ಲಿಯೇ ತಯಾರಾಗುತ್ತಿದ್ದಿತು. ೧೭೮೮ರಲ್ಲಿ ಅವನ ಮೂವರು ರಾಯಭಾರಿಗಳು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡಾಗ ಬೇಡಿದವುಗಳಲ್ಲಿ ಕುಶಲಕರ್ಮಿಗಳೂ ಸೇರಿದ್ದರು. ಶ್ರೀರಂಗಪಟ್ಟಣದ ಕಾರ್ಖಾನೆಗಳಿಂದ ಹೊರಟ ಪಿಸ್ತೂಲುಗಳು ಈಗ ಇಂಗ್ಲೆಂಡಿನ ರಾಜಸಂಗ್ರಹದಲ್ಲಿಯೂ ಅಲ್ಲಿನ ವಸ್ತುಸಂಗ್ರಹಾಲಯಗಳಲ್ಲಿಯೂ ಇವೆ. ಅವುಗಳಲ್ಲಿ ಹುಲಿಯ ಪಟ್ಟೆಯೂ ಹುಲಿಯ ತಲೆಯೂ ಎದ್ದು ಕಾಣುವುದರಿಂದ ನೋಡುವವರು ಅಲ್ಲಿಗೇ ನಿಂತುಬಿಡುವರು. ನಮಗೆ ಬೇಕಾದುದು ಬೇರೆ. ಕೆಲವು ಪಿಸ್ತೂಲುಗಳನ್ನು ಜೋಡಿಯಾಗಿ ಮಾಡಿ, ಒಂದರ ಕೀಲನ್ನು ಬಲಕ್ಕೂ ಇನ್ನೊಂದರದನ್ನು ಎಡಕ್ಕೂ ಇಟ್ಟಿದ್ದಾರೆ. ಒಂದೇ ನಳಿಗೆಯಲ್ಲಿ ಒಂದರ ಹಿಂದೊಂದಾಗಿ ಎರಡು ಈಡುಗಳನ್ನು ತುಂಬಿ, ಎರಡು ಕೀಲುಗಳಿಂದ ಬೇರೆ ಬೇರೆಯಾಗಿ ಹಾರಿಸುವ ಬಂದೂಕೂ ಆ ಕಾರ್ಖಾನೆಗಳಲ್ಲಿ ಆಯಿತು. ಮರುಮದ್ದು ತುಂಬುವ ತೊಡಕನ್ನು ತಪ್ಪಿಸಬೇಕೆಂಬ ಹಂಬಲವು ಇದರಲ್ಲಿ ಸ್ಪಷ್ಟವಾಗಿದೆ. ಈ ಆಯುಧಗಳ ಮೇಲೆ ಕಾರ್ಖಾನೆಯ ಊರೂ ವರ್ಷವೂ ಕೆತ್ತಲ್ಪಟ್ಟಿರುವುದುಂಟು. ಆದರೆ ಆ ವರ್ಷವು ಟೀಪು ೧೭೮೭ರಲ್ಲಿ ತಂದ ಮೌಲೂದಿ ಶಕೆಯದು, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದನ್ನರಿಯದೆ ಓದಿದವನಿಗೆ ಸಿಕ್ಕುವುದು ಅಸಂಬದ್ಧವಾದ ವರ್ಷ.

೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ ಆಂಗ್ಲರು ಮಾಡಿದ ಲೆಕ್ಕದಲ್ಲಿ ೯೨೯ ಫಿರಂಗಿಗಳೂ, ಸುಮಾರು ೯೯,೦೦೦ ಸಣ್ಣ ಬಂದೂಕುಗಳೂ, ಬಂದೂಕುಗಳನ್ನು ಮಾಡುವ ೧೧ ಶಾಲೆಗಳೂ ಇದ್ದುವು. ಇಷ್ಟಿದ್ದರೂ ಹಳೆಯ ಕೋವಿಯು ನಾಡಿನಿಂದ ಹೋಗಿರಲಿಲ್ಲ. ಪೂರ್ಣಯ್ಯನವರ ಆಡಳಿತದಲ್ಲಿ ಉಳಿಸಿಕೊಂಡ ಕಂದಾಚಾರದ ಪೇದೆಗಳ ಸಾಮಾನ್ಯ ಆಯುಧವು ಬತ್ತಿಯ ಕೋವಿ ಮತ್ತು ಈಟಿ ಎಂಬುದು ಅದೇ ವಿಲ್ಕ್ಸ್‌ನ ಹೇಳಿಕೆ. ಎಂದರೆ, ರಾಜಧಾನಿಯಲ್ಲಿ ಚಕಮಕಿಯ ಎರಡು ಈಡಿನ ಬಂದೂಕು ತಯಾರಾಗುತ್ತಿದ್ದ ದಶಕದಲ್ಲಿಯೂ ಹಳ್ಳಿಯ ಕಾವಲಿನವನು ತನ್ನ ತಾತನ ಮಾದರಿಯನ್ನೇ ಹಿಡಿದಿದ್ದನು. ಹಳೆಯದು ಮುಗ್ಗರಿಸಿ ಹೊಸದು ಎದ್ದಿತೆಂದು ನಾವು ಬರೆಯುವ ಚರಿತ್ರೆಯು ಉಗ್ರಾಣದ ಪಟ್ಟಿಗೆ ಸಲ್ಲುವುದೇ ಹೊರತು ನಾಡಿಗಲ್ಲ.

ಸಕಲೇಶಪುರದ ಬಳಿ ೧೭೯೨ರ ವೇಳೆಗೆ ಟೀಪು ಮುಗಿಸಿದ ಮಂಜರಾಬಾದಿನ ಕೋಟೆಯನ್ನು ಈ ಸಂದರ್ಭದಲ್ಲಿ ನೋಡಬೇಕು. ಎಂಟು ಮೂಲೆಗಳ ನಕ್ಷತ್ರಾಕಾರದ ಈ ಕೋಟೆಯು ಫ್ರೆಂಚ್ ಪದ್ಧತಿಯದು. ಒಂದು ಮೂಲೆಯಿಂದ ಹಾರಿಸಿದ ಗುಂಡು ಪಕ್ಕದ ಮೂಲೆಯ ಗೋಡೆಯುದ್ದಕ್ಕೂ ಸಾಗಬೇಕೆಂಬುದೇ ಆ ಆಕಾರದ ತಾತ್ಪರ್ಯ. ಎಡೆಬಿಡದೆ ಈಡು ಹಾರಿಸಬಲ್ಲ ಸಾಲು ಸಿಪಾಯಿಗಳಿಲ್ಲದಿದ್ದರೆ ಅದು ಬರಿಯ ಚಮತ್ಕಾರ. ನಡುವೆ ಶಿಲುಬೆಯಾಕಾರದ ಕೊಳವೂ, ಮದ್ದಿಗೆಂದು ನೆಲಮಾಳಿಗೆಯ ಕೋಣೆಗಳೂ ಇವೆ. ಮದ್ದನ್ನು ನೆಲದೊಳಗಿಟ್ಟುದು ಶತ್ರುವಿನ ಗುಂಡಿಗಾಗಿ. ಆದರೆ ಆ ಬೆಟ್ಟದ ಮೇಲೆ ಮದ್ದಿನ ದೊಡ್ಡ ಶತ್ರು ಮಳೆ. ಆಷಾಢದಲ್ಲಿ ಅಲ್ಲಿ ಹುರಿಯೂ ಉಳಿಯದು, ರಂಜಕವೂ ಉಳಿಯದು. ಹಳೆಯ ಹೊಸ ಕೋವಿಗಳೆರಡೂ ಮಲೆನಾಡಿನ ಮಳೆಯೆದುರು ಒಂದೇ. ಐಗೂರಿನ ಕೊನೆಯ ನಾಯಕನಾದ ವೆಂಕಟಾದ್ರಿಯು ಕಂಪೆನಿಗೆ ಬಾಗದೆ ಬಲಂ ಕಾಡಿನಲ್ಲಿ ನಿಂತಾಗ ಆರ್ಥರ್ ವೆಲ್ಲೆಸ್ಲಿಯು ಅರೆಕೆರೆಯ ಮೇಲೆ ನುಗ್ಗಿದುದು ೧೮೦೨ರ ಜನವರಿಯಲ್ಲಿ. ಒಣಗಿದ ತಿಂಗಳನ್ನು ಆರಿಸಿಕೊಂಡುದು ಆಕಸ್ಮಿಕವಾಗಿರಲಾರದು. ಮರುತಿಂಗಳೇ ನಾಯಕನು ಸೆರೆಸಿಕ್ಕಿ ಗಲ್ಲಿಗೇರಿಸಲ್ಪಟ್ಟನು.

ಮಳೆಯನ್ನು ಗೆದ್ದ ಮಾದರಿಯು ಕೇಪಿನ ಕೋವಿ. ಪೆಟ್ಟಿಗೆ ಸಿಡಿಯುವ ರಾಸಾಯನಿಕದಿಂದ ಮದ್ದನ್ನು ಹೊತ್ತಿಸುವ ಉಪಾಯಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಫೋರ್ಸೈತ್ ೧೮೦೭ರಲ್ಲಿ ಹಕ್ಕುಪತ್ರವನ್ನು ಪಡೆದನು. ಅದು ತಾಮ್ರದ ಪುಟ್ಟ ಟೊಪ್ಪಿಗೆಯ ರೂಪಕ್ಕಿಳಿದು, ೧೮೪೦ರ ಸುಮಾರಿಗೆ ಆಂಗ್ಲ ಸೈನ್ಯದಲ್ಲಿ ಚಕಮಕಿಯನ್ನು ತಳ್ಳಿತು. ಮಲೆನಾಡಿಗೆ ಬಂದ ಈ ಕೋವಿಯು, ಹಿಂದಿನಿಂದ ತೋಟಾ ತುಂಬುವ ಬಂದೂಕುಗಳು ಬಂದ ಮೇಲೂ ನೂರು ವರ್ಷಕ್ಕೆ ಮಿಗಿಲಾಗಿ ನಿಂತಿತು. ಮದ್ದನ್ನು ಬಾಯಿಂದ ತುಂಬುವ ಬಂದೂಕು ಇಂದಿನ ಪರವಾನಗಿಗಳಲ್ಲಿಯೂ ಒಂದು ವರ್ಗವಾಗಿ ಉಳಿದಿದೆ. ಕೇಪಿನ ಕೋವಿ, ತೋಟಾಕೋವಿ, ಒಂಟಿನಳಿಗೆ, ಜೋಡುನಳಿಗೆ, ಈಡು, ಚರೆ, ಗಜ, ಇಂಥ ಮಾತುಗಳಲ್ಲಿ ಮಲೆನಾಡಿನವರು ಮಾಡುವ ವಿಂಗಡಣೆಯು ನಮ್ಮ ಗ್ರಂಥಸ್ಥ ಭಾಷೆಯಲ್ಲಿರುವುದಕ್ಕಿಂತ ಎಷ್ಟೋ ನಿಖರವಾದುದು. ಕನ್ನಡ ಕೋಶಗಳನ್ನು ಪರಿಷ್ಕರಿಸುವವರು ಇದನ್ನು ಗಮನಿಸಬೇಕು.

ಅರಕಲಗೂಡಿನ ಗಡಿಯಲ್ಲಿ ಇನ್ನೊಂದು ವಿಶೇಷವುಂಟು. ಆ ತಾಲೂಕಿಗೆ ಹೊಂದಿ ಕೊಡಗು ಇದೆ. ನಿರಾಯುಧೀಕರಣದ ಕಾನೂನಿನಿಂದ ಕೊಡವರಿಗೆ ವಿನಾಯತಿಯನ್ನು ಕೊಟ್ಟು ೧೮೬೧ರ ಫೆಬ್ರವರಿಯಲ್ಲಿ ಆಜ್ಞೆ ಹೊರಡಿಸಿದವನು ಮಾರ್ಕ್ ಕಬ್ಬನ್. ಮೈಸೂರು, ಕೊಡಗು ಎರಡೂ ಅವನ ಆಡಳಿತಕ್ಕೇ ಒಳಪಟ್ಟಿದ್ದುವು. ಹೀಗೆ ಒಂದೇ ಕೋವಿಯು ಗಡಿಯ ಒಂದು ಕಡೆ ಮನೆಯ ದೇವರ ಮುಂದೆ ಪೂಜೆಗೊಳ್ಳುವ ಸೊತ್ತು, ಇನ್ನೊಂದು ಕಡೆ ಸರ್ಕಾರದ ಅಪ್ಪಣೆಗೆ ಒಳಪಟ್ಟ ವಸ್ತು. ಆ ವಿನಾಯತಿಯು ೨೦೧೯ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಯಿತು. ಕೊಡವರು ಕೋವಿಯನ್ನು ತೋಕ್ ಎನ್ನುವರು. ಅದು ತುರ್ಕಿಯ ತುಫೆಕ್ ಶಬ್ದದ ಮರಿ, ನಮ್ಮ ತುಪಾಕಿಯ ದಾಯಾದಿ.

ಈಗ ಕಾಲನಿರ್ಣಯದ ಮಾತಿಗೆ ಹಿಂದಿರುಗಬಹುದು. ನಳಿಗೆಯೆಂಬುದು ಬಲು ಬೆಲೆಯ ವಸ್ತು, ಬೇಗ ಸವೆಯದು. ಕೀಲೆಂಬುದು ಬದಲಾಯಿಸಬಹುದಾದ ಅಂಗ. ಆದುದರಿಂದ ಬತ್ತಿಯ ಕೋವಿಯ ನಳಿಗೆಗೆ ಚಕಮಕಿಯನ್ನೂ, ಚಕಮಕಿಯದನ್ನು ತೆಗೆದು ಕೇಪಿನ ಮೊಳೆಯನ್ನೂ ಕೂಡಿಸುವುದು ಎಲ್ಲ ದೇಶಗಳಲ್ಲಿಯೂ ನಡೆದ ವಾಡಿಕೆ. ಮರದ ಹಿಡಿ ಮುರಿದರೆ ಅದೂ ಹೊಸದು. ಹೀಗೆ ಒಂದೇ ಕೋವಿಯಲ್ಲಿ ಮೂರು ತಲೆಮಾರುಗಳು ಸೇರಿಕೊಳ್ಳುವುವು. ಓಲೆಗರಿಯ ಗ್ರಂಥಗಳನ್ನು ಶೋಧಿಸುವ ನಮ್ಮ ವಿದ್ವಾಂಸರಿಗೆ ಇದು ಅಪರಿಚಿತವಾದ ಸ್ಥಿತಿಯಲ್ಲ. ನಳಿಗೆಯು ಮೂಲಪಾಠ; ಕೀಲು ಪ್ರಕ್ಷೇಪ; ಹಿಡಿಯು ಲಿಪಿಕಾರನ ಕೈವಾಡ. ಮೂಲವು ಹಳೆಯದೆಂದು ಇಡೀ ಪ್ರತಿಯನ್ನು ಹಳೆಯದೆನ್ನುವುದೂ, ಪ್ರಕ್ಷೇಪವು ಹೊಸದೆಂದು ಮೂಲವನ್ನೇ ಹೊಸದೆನ್ನುವುದೂ ಒಂದೇ ಬಗೆಯ ಅವಿಚಾರ. ದರಿಯಾ ದೌಲತ್ತಿನ ಗೋಡೆಯಲ್ಲಿ ೧೭೮೦ರ ಪೊಳ್ಳಿಲೂರು ಯುದ್ಧವನ್ನು ಚಿತ್ರಿಸಿದೆ. ಅಲ್ಲಿನ ಸಿಪಾಯಿಗಳ ಕೈಯಲ್ಲಿರುವ ಬಂದೂಕನ್ನು ಆ ಯುದ್ಧದ ಪ್ರಮಾಣವೆಂದು ಹಿಡಿಯುವ ಮೊದಲು, ಆ ಚಿತ್ರವು ವೆಲ್ಲೆಸ್ಲಿಯ ಕಾಲದಲ್ಲೊಮ್ಮೆ, ಡಾಲ್‌ಹೌಸಿಯ ಆಜ್ಞೆಯಂತೆ ೧೮೫೫ರ ಸುಮಾರಿನಲ್ಲಿ ಇನ್ನೊಮ್ಮೆ ಹೊಸದಾಗಿ ಬಣ್ಣ ಕಂಡಿತೆಂಬುದನ್ನು ನೆನೆಯಬೇಕು.

ಹೊರಗಿನ ರೂಪವನ್ನಲ್ಲ, ಒಳಗಿನ ಕೀಲನ್ನು ನೋಡಿ ಹಳತು ಹೊಸತುಗಳನ್ನು ಬೇರ್ಪಡಿಸಬೇಕೆಂಬ ಈ ಸೂತ್ರವನ್ನು, ತಯಾರಾದ ವರ್ಷಗಳು ಖಚಿತವಾಗಿ ಗೊತ್ತಿರುವ ಒಂದು ಆಯುಧದ ಮೇಲೆ ಪರೀಕ್ಷಿಸಿ ನೋಡುವುದು ನ್ಯಾಯ. ಇದಕ್ಕೆ ತಾನಾಗಿ ತುಂಬಿಕೊಳ್ಳುವ ಪಿಸ್ತೂಲು ಅನುಕೂಲವಾಗಿದೆ. ಟೀಪುವಿನ ಕಾರ್ಖಾನೆಯು ಎರಡು ಈಡುಗಳಿಂದ ಸಾಧಿಸಹೊರಟುದನ್ನು ಇದು ಬೇರೆ ದಾರಿಯಿಂದ ಸಾಧಿಸಿತು. ಗುಂಡು ಮುಂದಕ್ಕೆ ಹಾರುವಾಗ ಹಿಂದಕ್ಕೆ ಒದೆಯುವ ಶಕ್ತಿಯೇ ಖಾಲಿ ತೋಟಾವನ್ನು ಹೊರಚೆಲ್ಲಿ, ಕುದುರೆಯನ್ನು ಎತ್ತಿ, ಹೊಸ ತೋಟಾವನ್ನು ಒಳಕ್ಕೆ ನೂಕುವುದು. ಮನುಷ್ಯನಿಗೆ ಉಳಿದುದು ಬೆರಳೊತ್ತುವ ಕೆಲಸವೊಂದೇ. ಜಾನ್ ಬ್ರೌನಿಂಗನು ರೂಪಿಸಿದ ಇಂಥ ಪಿಸ್ತೂಲನ್ನು ಅಮೆರಿಕದ ಸೈನ್ಯವು ೧೯೧೧ರಲ್ಲಿ ಅಂಗೀಕರಿಸಿತು. ೧೯೨೦ರ ದಶಕದಲ್ಲಿ ಅದನ್ನು ತಿದ್ದಿ ಹೊಸ ಹೆಸರಿನಿಂದ ಹೊರತಂದರು. ತಿದ್ದಿದುದೇನು? ಬೆರಳೊತ್ತುವ ಕೊಕ್ಕೆಯನ್ನು ಗಿಡ್ಡಮಾಡಿದರು; ಅದರ ಹಿಂದೆ ಬೆರಳಿಗೆ ಎಡೆ ಬಿಟ್ಟರು; ಹಿಡಿಯ ಬೆನ್ನನ್ನು ಉಬ್ಬಿಸಿದರು; ಕೈಚರ್ಮವು ಕುದುರೆಗೆ ಸಿಕ್ಕದಂತೆ ಮೇಲಣ ಚಾಚನ್ನು ಉದ್ದಮಾಡಿದರು; ಗುರಿಕಟ್ಟುವ ಮುಂದಿನ ಮೊಳೆಯನ್ನು ಅಗಲಿಸಿದರು. ಎಲ್ಲವೂ ಕೈಗೂ ಕಣ್ಣಿಗೂ ಸಂಬಂಧಿಸಿದುವು. ಕೀಲು ಇದ್ದಂತೆಯೇ ಇದ್ದಿತು. ನೋಡುವವನಿಗೆ ಇವು ಎರಡು ಪಿಸ್ತೂಲು, ವಾಸ್ತವವಾಗಿ ಒಂದೇ. ಅದೇ ಬ್ರೌನಿಂಗನು ಆರಂಭಿಸಿ, ಅವನು ೧೯೨೬ರಲ್ಲಿ ತೀರಿಕೊಂಡ ಮೇಲೆ ಬೆಲ್ಜಿಯಮಿನ ಸೇವ್ ಎಂಬಾತನು ಮುಗಿಸಿದ ೧೯೩೫ರ ಪಿಸ್ತೂಲು ದೂರದಿಂದ ಹಿಂದಿನದರ ತಮ್ಮನಂತೆ ಕಾಣುವುದು. ಒಳಗೆ ಮಾತ್ರ ನಳಿಗೆಯನ್ನು ತಗ್ಗಿಸುವ ತೂಗುಕೊಂಡಿಯು ಹೋಗಿ, ನಳಿಗೆಯೊಡನೆಯೇ ಅಚ್ಚಾದ ಇಳಿಜಾರು ಬಂದಿದೆ, ಏಳು ತೋಟಾಗಳ ಸ್ಥಾನದಲ್ಲಿ ಹದಿಮೂರು ಹಿಡಿಸುವುವು. ನಿಜವಾದ ಭೇದವು ಇಲ್ಲಿದೆ. ಈ ಎರಡನೆಯ ಮಾದರಿಯೇ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾಗಿ, ನಮ್ಮ ಸೈನ್ಯಕ್ಕೂ ಪೊಲೀಸಿಗೂ ಒದಗಿತು. ಸೂತ್ರವು ಪರೀಕ್ಷೆಯಲ್ಲಿ ನಿಂತಿತೆಂದೇ ನಾವು ಭಾವಿಸುತ್ತೇವೆ.

ಮಾತುಗಳ ವಿಷಯದಲ್ಲಿ ಎರಡು ವರ್ಗಗಳನ್ನು ಮಾಡಿಕೊಳ್ಳುವುದು ಉಚಿತ. ಕೋವಿ, ಗುಂಡು, ಮದ್ದು, ಕುದುರೆ, ಬಾಣ, ಇವು ನಮ್ಮಲ್ಲಿ ಮೊದಲೇ ಇದ್ದು ಹೊಸ ವಸ್ತುವಿಗೆ ತಗುಲಿಕೊಂಡ ಮಾತುಗಳು. ಔಷಧವಾಗಿದ್ದ ಮದ್ದು ಸಿಡಿಯುವ ಪುಡಿಯಾಯಿತು. ಅಂಬಾಗಿದ್ದ ಬಾಣವು ಮೈಸೂರಿನ ಸೈನ್ಯದಲ್ಲಿ ಕಬ್ಬಿಣದ ಕೊಳವೆಯ ಬೆಂಕಿಯಸ್ತ್ರವಾಯಿತು. ಹೊಸನಗರ ತಾಲೂಕಿನ ಬಿದನೂರುನಗರದ ಬಾವಿಯೊಂದರಲ್ಲಿ ೨೦೧೮ರಲ್ಲಿ ದೊರೆತ ಸಾವಿರಕ್ಕೆ ಮೀರಿದ ಕೊಳವೆಗಳು ಇಂಥ ಬಾಣಗಳೇ. ಈ ವರ್ಗದ ಮಾತುಗಳಿಂದ, ಸಂದರ್ಭದ ಬೆಂಬಲವಿಲ್ಲದೆ, ಯಾವ ಗ್ರಂಥದ ಕಾಲವನ್ನೂ ನಿರ್ಣಯಿಸಲಾಗದು. ತುಪಾಕಿ, ಬಂದೂಕು, ಫಿರಂಗಿ, ಚಕಮಕಿ, ಪಿಸ್ತೂಲು, ಕೇಪು, ಇವು ವಸ್ತುವಿನೊಡನೆಯೇ ಬಂದ ಮಾತುಗಳು. ಇವು ಕಂಡ ಪಾಠವು ಆ ವಸ್ತುವಿಗಿಂತ ಹಿಂದಿನದಾಗಲಾರದು. ಇವುಗಳಲ್ಲಿಯೂ ಎಚ್ಚರ ಬೇಕು. ಫಿರಂಗಿಯೆಂಬುದು ಮರಾಠಿಯಲ್ಲಿ ಒಂದು ಬಗೆಯ ಕತ್ತಿ, ಹಾಸನದ ಹಿತ್ತಲಲ್ಲಿ ಪರಂಗಿಯಾಗಿ ಒಂದು ಹಣ್ಣು. ಚಕಮಕಿಯು ಕೋವಿಗೇರುವ ಮೊದಲು ಒಲೆ ಹೊತ್ತಿಸುವ ಕಲ್ಲಾಗಿದ್ದಿತು. ಗೋವಿಂದವೈದ್ಯನ ೧೬೪೮ರ ಕಂಠೀರವ ನರಸರಾಜ ವಿಜಯದಂತೆ ಕಾಲವೂ ಯುದ್ಧವೂ ಎರಡೂ ತಿಳಿದಿರುವ ಕಾವ್ಯಗಳ ಶಬ್ದಗಳನ್ನು ಮೊದಲು ವಿಂಗಡಿಸಿಟ್ಟುಕೊಂಡು, ಅವುಗಳ ಸಹಾಯದಿಂದ ಕಾಲ ತಿಳಿಯದವನ್ನು ನೋಡುವುದು ಸರಿಯಾದ ಕ್ರಮ.

ಪಿಸ್ತೂಲೆಂಬ ಮಾತಿಗೆ ಮೇಲಣ ಎಲ್ಲೆಯುಂಟು, ಕೆಳಗಣ ಎಲ್ಲೆಯಿಲ್ಲ. ಶ್ರೀರಂಗಪಟ್ಟಣದ ಕಾರ್ಖಾನೆಯ ಒಂದೀಡಿನ ಚಕಮಕಿಯದಕ್ಕೂ, ಇಶಾಪುರದ ಹದಿಮೂರು ತೋಟಾಗಳದಕ್ಕೂ ಕನ್ನಡದಲ್ಲಿ ಇರುವುದು ಆ ಒಂದೇ ಹೆಸರು. ಉದ್ದ ಕೋವಿಗಳಿಗೆ ಬತ್ತಿ, ಚಕಮಕಿ, ಕೇಪು, ತೋಟಾ ಎಂದು ಕೀಲಿಗೊಂದು ವಿಶೇಷಣವನ್ನು ಕಟ್ಟಿದ ಭಾಷೆಯು ಪಿಸ್ತೂಲಿಗೆ ಏನನ್ನೂ ಕಟ್ಟಲಿಲ್ಲ. ಅದು ರೈತನ ಮನೆಯ ಗೋಡೆಯ ಮೊಳೆಗೆ ಎಂದೂ ತೂಗಿದ ವಸ್ತುವಲ್ಲವಷ್ಟೆ.